ಅರಿಕೆಯ ಪುಟದಲ್ಲಿ ಒಂದು ಹೆಸರು

ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ವಾರ ಅರಿಕೆಯ ಪುಟವನ್ನು ಇಬ್ಬರು ಗೆಳೆಯರಿಗೆ ಓದಲು ಕೊಟ್ಟೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳ ಬಗ್ಗೆ ಆರು ವರ್ಷ ಓಡಾಡಿ ಬರೆದ ಪುಸ್ತಕ ಅದು. ಒಬ್ಬರು ಎರಡು ಕಾಗುಣಿತ ತಿದ್ದಿ ವಾಪಸು ಕೊಟ್ಟರು. ಇನ್ನೊಬ್ಬರು, ಕೆರೆಯಂಗಳದ ಒತ್ತುವರಿ ಬಿಡಿಸಲು ನನ್ನ ಜೊತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು, ಒಂದು ಹೆಸರಿನ ಕೆಳಗೆ ಗೆರೆ ಎಳೆದು ರಾತ್ರಿ ಫೋನ್ ಮಾಡಿದರು. “ಇವರಿಗೆ ಫೋನಲ್ಲೇ ಒಂದು ಮಾತು ಹೇಳಿಬಿಡಿ, ಸಾಕು. ಪುಸ್ತಕದಲ್ಲಿ ಹಾಕಿದರೆ ನಮ್ಮವರು ಏನಂದುಕೊಳ್ತಾರೆ?”

ಆ ಹೆಸರು ಒಬ್ಬ ನಿವೃತ್ತ ನೀರಾವರಿ ಎಂಜಿನಿಯರರದು. ಪುಸ್ತಕದಲ್ಲಿ ಅದು ಇದೆ. ಈ ಲೇಖನದ ವಾದಕ್ಕೆ ಅವರನ್ನು ಎಳೆದು ತರಲು ಒಪ್ಪಿಗೆ ಕೇಳಿಲ್ಲವಾದ್ದರಿಂದ ಇಲ್ಲಿ ಎಂಜಿನಿಯರರು ಎಂದಷ್ಟೇ ಕರೆಯುತ್ತೇನೆ. ಅವರನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ನನ್ನ ಹಳೆಯ ಲೇಖನವೊಂದರಲ್ಲಿ ತೂಬಿನ ವಿವರಣೆ ತಪ್ಪಾಗಿದೆ ಎಂದು, ಎಲ್ಲಿಂದಲೋ ವಿಳಾಸ ಹುಡುಕಿ ಮೇಲ್ ಕಳಿಸಿದ್ದರು. ಪರಿಚಯ ಶುರುವಾದದ್ದು ಹಾಗೆ. ಆಮೇಲೆ ನಾಲ್ಕು ವರ್ಷ ಮೇಲ್, ವಾಟ್ಸ್ಆ್ಯಪ್, ಆಗೊಮ್ಮೆ ಈಗೊಮ್ಮೆ ಫೋನು.

ಸಕಲೇಶಪುರದ ಕಡೆಯ ಹೊಳೆಗಳ ನೀರನ್ನು ಮೇಲೆತ್ತಿ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆ ಆಗಲೇಬೇಕು ಅನ್ನುವವರು ಅವರು. ಕೂಡದು ಅನ್ನುವವನು ನಾನು. ಯೋಜನೆ ತರುತ್ತೇನೆನ್ನುವುದು ವರ್ಷಕ್ಕೆ 24 ಟಿಎಂಸಿ ನೀರು. ಆ ಹೊಳೆಗಳಲ್ಲಿ ಅಷ್ಟು ನೀರೇ ಇಲ್ಲ, ಸಿಗುವುದು ಹತ್ತು ಟಿಎಂಸಿಯೊಳಗೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದೆ. ನಾನು ಅದನ್ನು ನಂಬುತ್ತೇನೆ. ಘಟ್ಟದ ಮೈಯಲ್ಲಿ ಅಗೆದ ದಾರಿಗಳನ್ನು ನೋಡಿಯೂ ಬಂದಿದ್ದೇನೆ. ಎಂಜಿನಿಯರರು ನಂಬುವುದಿಲ್ಲ. ಅವರು ಹುಟ್ಟಿ ಬೆಳೆದದ್ದು ಬಾಗೇಪಲ್ಲಿ ಕಡೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಬೆರೆತು, ಮಕ್ಕಳ ಹಲ್ಲು ಕಂದುಗಟ್ಟಿದ್ದನ್ನು ಸ್ವಂತ ಮನೆಯೊಳಗೇ ಕಂಡವರು. “ಕಾಡು ಬೇಕು ಅನ್ನೋಕೆ ಮೊದಲು ಬಾಯಲ್ಲಿ ಹಲ್ಲಿರಬೇಕು ಸ್ವಾಮಿ” ಎಂದು ಒಮ್ಮೆ ಬರೆದಿದ್ದರು. ಆ ಮಾತಿಗೆ ನನ್ನಲ್ಲಿ ಉತ್ತರವಿದೆ. ಆದರೆ ಅದನ್ನು ಹಗುರವಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ಅವರು ಮಾಡಿದ ಉಪಕಾರ ಏನೆಂಬುದನ್ನು ಬಿಡಿಸಿಯೇ ಹೇಳಬೇಕು. ಪುಸ್ತಕದ ಐದನೆಯ ಅಧ್ಯಾಯದಲ್ಲಿ ನಾನೊಂದು ಲೆಕ್ಕ ಹಾಕಿದ್ದೆ. ಎರಡೂ ಜಿಲ್ಲೆ ಸೇರಿ ನಾಲ್ಕು ಸಾವಿರಕ್ಕೂ ಮಿಗಿಲಾಗಿ ಕೆರೆಗಳಿವೆ. ಒಂದೊಂದೂ ಸರಾಸರಿ 50 ಎಕರೆ, ತುಂಬಿಕೊಂಡ ಹೂಳು ನಾಲ್ಕು ಅಡಿ ಎಂದು ಹಿಡಿದೆ. ಹೂಳೆತ್ತಿದರೆ ಒಂದು ಕೆರೆಗೆ 200 ಎಕರೆ-ಅಡಿ ಹೆಚ್ಚು ಸಿಗುತ್ತದೆ. ಒಂದು ಎಕರೆ-ಅಡಿಗೆ 43,560 ಘನ ಅಡಿ. ಗುಣಿಸುತ್ತ ಹೋದರೆ ಒಟ್ಟು 34 ಟಿಎಂಸಿ ದಾಟುತ್ತದೆ. ಯೋಜನೆಯ 24 ಎಲ್ಲಿ, ನಮ್ಮ ಕೆರೆಗಳ 34 ಎಲ್ಲಿ! ಆ ಸಾಲು ಬರೆದ ರಾತ್ರಿ ಹಿಗ್ಗಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಎಂಜಿನಿಯರರು ಹನ್ನೊಂದು ಪುಟದ ಉತ್ತರವನ್ನು ಕೈಯಲ್ಲೇ ಬರೆದು, ಒಂದೊಂದು ಪುಟದ ಫೋಟೊ ತೆಗೆದು ಕಳಿಸಿದರು. ಮೊದಲ ಸಾಲು ಹೀಗಿತ್ತು: ಹೂಳು ತೆಗೆದರೆ ಕೆರೆಯಲ್ಲಿ ಜಾಗ ಹೆಚ್ಚುತ್ತದೆ, ನೀರು ಹೆಚ್ಚುವುದಿಲ್ಲ. ನೀರು ಬರಬೇಕಾದದ್ದು ಮಳೆಯಿಂದ, ಮತ್ತು ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರಿನ ಆಸುಪಾಸು. ಬಿದ್ದದ್ದರಲ್ಲಿ ಮೂರರಲ್ಲೊಂದು ಪಾಲು ಕೆರೆಗೆ ಹರಿದು ಬರುತ್ತದೆಂದು ನಾನು ಇನ್ನೊಂದು ಕಡೆ ಊಹಿಸಿಕೊಂಡಿದ್ದೆ. ಕೆರೆಯ ಮೇಲ್ಭಾಗದಲ್ಲಿ ನೀಲಗಿರಿ ತೋಪು ಎಷ್ಟಿದೆ, ರಾಜಕಾಲುವೆ ಎಲ್ಲೆಲ್ಲಿ ಮುಚ್ಚಿದೆ, ಹೊಲದ ಬದುಗಳು ಎಷ್ಟು ತಡೆದುಕೊಳ್ಳುತ್ತವೆ, ಹೋಗಿ ನೋಡಿದಿರಾ ಎಂದು ಕೇಳಿದ್ದರು. ಸರಪಳಿ ಕೆರೆಗಳಲ್ಲಿ ಮೇಲಿನದನ್ನು ಆಳ ಮಾಡಿದಷ್ಟೂ ಅದರ ಕೋಡಿ ಬೀಳುವುದು ತಡವಾಗುತ್ತದೆ, ಕೆಳಗಿನ ಕೆರೆಗೆ ನೀರು ಕಡಿಮೆಯಾಗುತ್ತದೆ. ನಾನು ಒಂದೇ ನೀರನ್ನು ನಾಲ್ಕು ಕೆರೆಗಳಲ್ಲಿ ನಾಲ್ಕು ಸಲ ಎಣಿಸಿದ್ದೆ. ಬಿಸಿಲಿಗೆ ಆವಿಯಾಗಿ ಹೋಗುವುದನ್ನಂತೂ ಕಳೆದೇ ಇರಲಿಲ್ಲ. ಕೊನೆಯ ಪುಟದ ಅಡಿಯಲ್ಲಿ ಬರೆದಿದ್ದರು: “ತಪ್ಪು ಲೆಕ್ಕ ಇಟ್ಟುಕೊಂಡು ವಾದ ಮಾಡಬೇಡಿ ಸ್ವಾಮಿ. ನಿಮ್ಮ ಕೆರೆಗೇ ಮೋಸ.”

ಅಧ್ಯಾಯವನ್ನು ಮೊದಲಿನಿಂದ ಬರೆದೆ. ಅಂಕಿ ಕುಗ್ಗಿತು, ಬಹಳವೇ ಕುಗ್ಗಿತು. ಆದರೆ ಈಗ ಅದು ಯಾರೆದುರಿಗಾದರೂ ನಿಲ್ಲುವ ಅಂಕಿ. ಕೆರೆಗಳ ಪರವಾಗಿ ಹೇಳಬೇಕಾದ ಮಾತೆಲ್ಲ ಟಿಎಂಸಿಯಲ್ಲೇ ಇಲ್ಲ ಎಂಬುದೂ ನನಗೆ ಆಗಲೇ ಹೊಳೆದದ್ದು. ಬಾವಿಗಳಿಗೆ ಇಳಿಯುವ ಒಸರು, ಕೆರೆಯಂಗಳದ ಮೇವು, ಹೊಲಕ್ಕೆ ಹೊಡೆಯುವ ಗೋಡುಮಣ್ಣು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿ, ಇವೆಲ್ಲ ಆ ಅಧ್ಯಾಯದೊಳಗೆ ಬಂದದ್ದು ದೊಡ್ಡ ಅಂಕಿ ಜಾಗ ಖಾಲಿ ಮಾಡಿದ ಮೇಲೆ.

ಇಷ್ಟಾದ ಮೇಲೂ ಗೆಳೆಯರ ಮಾತನ್ನು ನಾನು ಸುಮ್ಮನೆ ತಳ್ಳಿಹಾಕಲಾರದೆ ಹೋದೆ. ಅದರ ಹಿಂದೆ ಬರೀ ಅಂಜಿಕೆ ಇರಲಿಲ್ಲ. ಹಣವಿಲ್ಲದ, ಅಧಿಕಾರವಿಲ್ಲದ ಜನ ಒಂದು ಕೆಲಸಕ್ಕೆ ನಿಂತಾಗ ಅವರ ಕೈಯಲ್ಲಿರುವ ಬಂಡವಾಳ ಒಬ್ಬರ ಮೇಲೊಬ್ಬರಿಗಿರುವ ನಂಬಿಕೆ ಒಂದೇ. ಅದಕ್ಕೆ ಕುಂದು ಬರಬಾರದು ಎಂಬ ಕಾಳಜಿ ಅವರದು. ಜೊತೆಗೆ, ಉಪಕಾರವನ್ನು ಹತ್ತು ಜನರ ಮುಂದೆ ಹೇಳುವುದು ನಮ್ಮ ಊರುಗಳ ರೂಢಿಯೂ ಅಲ್ಲ. ಮನೆಯವರಿಗೆ ಧನ್ಯವಾದ ಹೇಳಿದರೆ ಅವರು ಹೊರಗಿನವರಾದಂತೆ. ನಮ್ಮ ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದುದು “ಉಪಕಾರ ಆಯ್ತಪ್ಪ” ಎಂದಷ್ಟೇ, ಅದೂ ಬಾಗಿಲಲ್ಲಿ, ತಗ್ಗಿದ ದನಿಯಲ್ಲಿ. ಮಿಕ್ಕದ್ದು ಮುಂದಿನ ಹಬ್ಬಕ್ಕೆ ತಟ್ಟೆಯಲ್ಲಿ ಹೋಗುತ್ತಿತ್ತು. ಹೀಗಿರುವಾಗ ಫೋನಿನಲ್ಲಿ ಮನಸಾರೆ ಒಂದು ಮಾತು ಹೇಳಿ ಪುಸ್ತಕದಲ್ಲಿ ಸುಮ್ಮನಿದ್ದರೆ ಏನು ತಪ್ಪು?

ನನ್ನ ಉತ್ತರ ಆ ಪದದೊಳಗೇ ಇದೆ. ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಮೆಚ್ಚಿದವನು ಎಂದಾಗಲಿ, ಒಪ್ಪಿದವನು ಎಂದಾಗಲಿ ಅದಕ್ಕೆ ಅರ್ಥವಿಲ್ಲ. ಅದು ತಿಳಿವಳಿಕೆಗೆ ಸೇರಿದ ಮಾತು. ಅದರ ಎದುರು ಪದ ಕೃತಘ್ನ, ಮಾಡಿದ್ದನ್ನು ಕೊಂದವನು. ನಡೆದದ್ದನ್ನು ನಡೆದೇ ಇಲ್ಲವೆಂಬಂತೆ ಮಾಡುವುದಕ್ಕೆ ನಮ್ಮ ಹಿರಿಯರು ಕೊಲೆಯ ಪದವನ್ನೇ ಬಳಸಿದರು. ಅರಿಕೆಯ ಪುಟ ಬಾಗಿಲಲ್ಲಿ ಹೇಳುವ ಮಾತಲ್ಲ. ಈ ಪುಸ್ತಕ ಹೇಗಾಯಿತು, ಯಾರ್‍ಯಾರ ಕೈ ಇದರಲ್ಲಿದೆ ಎಂದು ಓದುಗರಿಗೆ ಒಪ್ಪಿಸುವ ವರದಿ. ಅಲ್ಲಿ ಇಪ್ಪತ್ತು ಹೆಸರು ಬರೆದು ಇಪ್ಪತ್ತೊಂದನೆಯದನ್ನು, ಅದೂ ಎಲ್ಲರಿಗಿಂತ ಹೆಚ್ಚು ದುಡಿದವರದನ್ನು ಬಿಟ್ಟರೆ ಸುಳ್ಳು ವರದಿಯಾಗುತ್ತದೆ. ಓದುಗರು ಐದನೆಯ ಅಧ್ಯಾಯದ ಲೆಕ್ಕ ನೋಡಿ, ಪರವಾಗಿಲ್ಲ, ಈತನಿಗೆ ಜಲವಿಜ್ಞಾನ ಗೊತ್ತು ಅಂದುಕೊಳ್ಳುತ್ತಾರೆ. ನನಗೆ ಗೊತ್ತಿರಲಿಲ್ಲ. ನಮ್ಮವರೇ ಹೇಳಿಕೊಟ್ಟಿರಬೇಕು ಅಂದುಕೊಳ್ಳುತ್ತಾರೆ. ನಮ್ಮವರು ಯಾರೂ ಹೇಳಿಕೊಡಲಿಲ್ಲ. 34 ಟಿಎಂಸಿ ಎಂಬ ಮಾತು ಕೇಳಿದಾಗ ನಮ್ಮ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು.

ಫೋನಿನಲ್ಲಿ ಹೇಳಿ ಪುಸ್ತಕದಲ್ಲಿ ಬಿಡುವುದರಲ್ಲಿ ಇನ್ನೊಂದು ಕೆಡುಕಿದೆ. ಆಗ ನನಗೆ ಎರಡು ಮುಖ ಬೇಕಾಗುತ್ತದೆ. ಅವರ ಹತ್ತಿರ ಮಾತಾಡುವಾಗ ಒಂದು, ನಮ್ಮವರ ನಡುವೆ ಕೂತಾಗ ಇನ್ನೊಂದು. ಸಭೆಯಲ್ಲಿ ಯಾರಾದರೂ “ಯೋಜನೆ ಪರ ಇರುವವರೆಲ್ಲ ಕಂಟ್ರಾಕ್ಟರುಗಳ ಏಜೆಂಟರು” ಅಂದಾಗ ನಾನು ಸುಮ್ಮನೆ ಕೂರಬೇಕಾಗುತ್ತದೆ. ಹಾಗೆ ಸುಮ್ಮನೆ ಕೂತದ್ದೂ ಉಂಟು, ಒಂದಲ್ಲ ಎರಡು ಸಲ. ಅಚ್ಚಾದ ಒಂದು ಸಾಲು ಆ ಮೌನವನ್ನು ಮುಂದೆ ಅಸಾಧ್ಯ ಮಾಡುತ್ತದೆ.

ಇಂಥ ಇಕ್ಕಟ್ಟಿನಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್‌ಫ್ರೆಡ್ ರಸೆಲ್ ವ್ಯಾಲೆಸ್. ಅವರ ಸ್ನೇಹವೂ ಮುಖ್ಯವಾಗಿ ಕುದುರಿದ್ದು ಪತ್ರಗಳಲ್ಲಿ. ಡಾರ್ವಿನ್ ಇಂಗ್ಲೆಂಡಿನ ಹಳ್ಳಿಮನೆ ಬಿಟ್ಟು ಕದಲದ ಅನುಕೂಲಸ್ಥ. ವ್ಯಾಲೆಸ್ ಮಲಯ ದ್ವೀಪಗಳಲ್ಲಿ ಹಕ್ಕಿ, ಚಿಟ್ಟೆ ಹಿಡಿದು ಮಾರಿ ಬದುಕುತ್ತಿದ್ದ ಬಡವ. 1858ರಲ್ಲಿ ವ್ಯಾಲೆಸ್ ಒಂದು ಪ್ರಬಂಧ ಬರೆದು ಡಾರ್ವಿನ್ನನಿಗೆ ಕಳಿಸಿದ. ಡಾರ್ವಿನ್ ಇಪ್ಪತ್ತು ವರ್ಷದಿಂದ ಬಚ್ಚಿಟ್ಟುಕೊಂಡು ತಿದ್ದುತ್ತಿದ್ದ ನಿಸರ್ಗದ ಆಯ್ಕೆಯ ವಿಚಾರವೇ ಅದರಲ್ಲಿತ್ತು. ಆ ವರ್ಷ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು, ದೂರದಲ್ಲಿದ್ದ ವ್ಯಾಲೆಸನನ್ನು ಒಂದು ಮಾತು ಕೇಳದೆಯೇ. ಇಷ್ಟು ಸಾಕಿತ್ತು ಜನ್ಮದ ವೈರಕ್ಕೆ. ವ್ಯಾಲೆಸ್ ವೈರ ಕಟ್ಟಿಕೊಳ್ಳಲಿಲ್ಲ. 1869ರಲ್ಲಿ ಮಲಯ ದ್ವೀಪಗಳ ಪ್ರವಾಸಕಥನ ಹೊರತಂದಾಗ ಅದನ್ನು ಡಾರ್ವಿನ್ನನಿಗೇ ಅರ್ಪಿಸಿದ.

ಅದೇ ವರ್ಷ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಿತು. ಮನುಷ್ಯನ ಮಿದುಳು, ಅವನ ನೀತಿಪ್ರಜ್ಞೆ ನಿಸರ್ಗದ ಆಯ್ಕೆಯೊಂದರಿಂದಲೇ ಬಂದಿರಲಾರದು, ಅದರ ಹಿಂದೆ ಮೇಲಿನ ಯಾವುದೋ ಚೈತನ್ಯದ ಕೈವಾಡವಿದೆ ಎಂದು ವ್ಯಾಲೆಸ್ ಪತ್ರಿಕೆಯೊಂದರಲ್ಲಿ ಬರೆದ. ತನ್ನ ಪ್ರತಿಯ ಅಂಚಿನಲ್ಲಿ ಡಾರ್ವಿನ್ ‘ಇಲ್ಲ’ ಎಂದು ಗೀಚಿ, ಮೂರು ಅಡಿಗೆರೆ ಎಳೆದ. ಇಬ್ಬರೂ ಸೇರಿ ಹೆತ್ತ ಮಗುವನ್ನು ನೀವು ಕೊಂದುಬಿಡುವಿರೇನೋ ಎಂಬ ಅರ್ಥದಲ್ಲಿ ಅದಕ್ಕೆ ಮೊದಲೇ ಪತ್ರದಲ್ಲಿ ಆತಂಕ ತೋಡಿಕೊಂಡಿದ್ದ. ಜೊತೆಗೆ ವ್ಯಾಲೆಸ್ ಸತ್ತವರ ಆತ್ಮಗಳನ್ನು ಮಾತಾಡಿಸುವ ಕೂಟಗಳನ್ನು ಬಹಿರಂಗವಾಗಿಯೇ ಸಮರ್ಥಿಸುತ್ತಿದ್ದ. ಡಾರ್ವಿನ್ನನಿಗೆ ಅದು ಶುದ್ಧ ಮೋಸವಾಗಿ ಕಾಣುತ್ತಿತ್ತು.

ಮುಂದಿನದು ನನ್ನನ್ನು ಹಿಡಿದು ನಿಲ್ಲಿಸುವ ಭಾಗ. ವ್ಯಾಲೆಸನಿಗೆ ಕಾಯಂ ಕೆಲಸ ಎಂದೂ ಸಿಗಲಿಲ್ಲ, ಕೂಡಿಟ್ಟ ಹಣ ಹೂಡಿಕೆಗಳಲ್ಲಿ ಕರಗಿತು. 1879ರ ಕೊನೆಗೆ ಅವನ ಕಷ್ಟ ಡಾರ್ವಿನ್ನನ ಕಿವಿಗೆ ಬಿತ್ತು. ಸರ್ಕಾರದಿಂದ ಪಿಂಚಣಿ ಕೊಡಿಸಬಹುದೇ ಎಂದು ಡಾರ್ವಿನ್ ತನ್ನ ಆಪ್ತ, ಸಸ್ಯವಿಜ್ಞಾನಿ ಜೋಸೆಫ್ ಹೂಕರನನ್ನು ಕೇಳಿದ. ಹೂಕರ್ ಖಡಾಖಂಡಿತವಾಗಿ ಬೇಡವೆಂದ: ಆತ್ಮಗಳ ಕೂಟಕ್ಕೆ ಹೋಗುವವನು, ಭೂಮಿ ಚಪ್ಪಟೆ ಎಂದವನ ಜೊತೆ ಹಣಕ್ಕೆ ಬಾಜಿ ಕಟ್ಟಿ ವಿಜ್ಞಾನದ ಮಾನ ಕಳೆದವನು. ನನ್ನ ಗೆಳೆಯರ ಪ್ರಶ್ನೆಯೇ ಅದು, ನಮ್ಮವರು ಏನಂದುಕೊಳ್ತಾರೆ. ಡಾರ್ವಿನ್ ಆಗ ಹಿಂದೆ ಸರಿದ, ಆದರೆ ಬಿಡಲಿಲ್ಲ. ಮರುವರ್ಷ ವ್ಯಾಲೆಸ್ ದ್ವೀಪಗಳ ಜೀವಲೋಕದ ಮೇಲೆ ಬರೆದ ಹೊಸ ಗ್ರಂಥ ಹೊರಬಂತು. ಅದನ್ನು ಅವನು ಹೂಕರನಿಗೆ ಅರ್ಪಿಸಿದ್ದ. ಹೂಕರ್ ಕರಗಿದ. ಡಾರ್ವಿನ್ ಮತ್ತು ಜೀವವಿಜ್ಞಾನಿ ಹಕ್ಸ್‌ಲಿ ಸೇರಿ ಮನವಿ ಸಿದ್ಧಪಡಿಸಿ, ವಿಜ್ಞಾನಿಗಳ ಸಹಿ ಹಾಕಿಸಿ, ಪ್ರಧಾನಿ ಗ್ಲ್ಯಾಡ್‌ಸ್ಟನ್ನನಿಗೆ ಮುಟ್ಟಿಸಿದರು. 1881ರ ಜನವರಿಯಲ್ಲಿ ವರ್ಷಕ್ಕೆ 200 ಪೌಂಡಿನ ಪಿಂಚಣಿ ಮಂಜೂರಾಯಿತು. ಮರುವರ್ಷ ಡಾರ್ವಿನ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಪೆಟ್ಟಿಗೆಗೆ ಹೆಗಲೆಣೆಯಾಗಿ ನಡೆದವರಲ್ಲಿ ವ್ಯಾಲೆಸನೂ ಇದ್ದ.

1889ರಲ್ಲಿ ವ್ಯಾಲೆಸ್ ಬರೆದ ಪುಸ್ತಕದ ಹೆಸರು ‘ಡಾರ್ವಿನಿಸಂ’. ತಾನೂ ಸಮಪಾಲುದಾರನಾದ ವಿಚಾರಕ್ಕೆ ಇನ್ನೊಬ್ಬನ ಹೆಸರನ್ನು ಮುಖಪುಟದ ಮೇಲೆ ಹೊಡೆಸಿದ. ಅದೇ ಪುಸ್ತಕದೊಳಗೆ, ಹೆಣ್ಣಿನ ಆಯ್ಕೆಯಿಂದ ಗಂಡುಹಕ್ಕಿಯ ಗರಿಗೆ ಬಣ್ಣ ಬಂತೆಂಬ ಡಾರ್ವಿನ್ನನ ಮಾತನ್ನು ಅಲ್ಲಗಳೆದ. ಕೊನೆಯ ಅಧ್ಯಾಯದಲ್ಲಿ ಮನುಷ್ಯನ ಬಗ್ಗೆ ತನ್ನ ಹಳೆಯ ನಿಲುವನ್ನು ಒಂದಿಷ್ಟೂ ಸಡಿಲಿಸದೆ ಮತ್ತೆ ಹೇಳಿದ. ಮುಖಪುಟದಲ್ಲಿ ಋಣ, ಒಳಗೆ ಜಗಳ, ಎರಡೂ ಪೂರ್ತಿ. ಒಂದಕ್ಕಾಗಿ ಇನ್ನೊಂದನ್ನು ಅವನು ಕಡಿಮೆ ಮಾಡಲಿಲ್ಲ. ಬಾಯುಪಚಾರವನ್ನೂ ಈ ಋಣವನ್ನೂ ಬೇರೆ ಮಾಡುವುದು ಇದೇ ಎಂದು ನನಗೆ ಅನ್ನಿಸುತ್ತದೆ.

ಗೆಳೆಯರ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. “ನಾಳೆ ಯಾರಾದರೂ ಈ ಪುಟವನ್ನೇ ತೋರಿಸಿ, ನೋಡಿ, ವಿರೋಧ ಮಾಡುವವರೇ ನಮ್ಮ ಎಂಜಿನಿಯರನ್ನ ಹೊಗಳಿದ್ದಾರೆ ಅನ್ನಲ್ವಾ? ನೀವೇ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತೆ.” ಅನ್ನಬಹುದು. ಆದರೆ ಸರ್ಟಿಫಿಕೇಟು ಮನುಷ್ಯನ ಒಟ್ಟು ಗುಣಕ್ಕೆ. ಕೃತಜ್ಞತೆ ಒಂದು ನಿರ್ದಿಷ್ಟ ಕೆಲಸಕ್ಕೆ. ಕನ್ನಡಿಗರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದದ್ದು ಕ್ರೈಸ್ತಮತ ಬೋಧಿಸಲು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ನಿಘಂಟನ್ನು ತೆರೆಯುವ ನಮ್ಮಲ್ಲಿ ಹೆಚ್ಚಿನವರು ಅವನ ಬೋಧನೆಯನ್ನು ತೆಗೆದುಕೊಂಡಿಲ್ಲ. ಆದರೂ ಬೆಂಗಳೂರಿನಲ್ಲಿ ಅವನ ಪ್ರತಿಮೆ ಇದೆ. ಅದನ್ನು ನೋಡಿ ಕನ್ನಡಿಗರೆಲ್ಲ ಮತಾಂತರಕ್ಕೆ ಒಪ್ಪಿದರು ಎಂದು ಯಾರೂ ಬಗೆಯುವುದಿಲ್ಲ. ಯಾವುದಕ್ಕೆ ಋಣಿ ಎಂಬುದು ಸ್ಪಷ್ಟವಾಗಿದ್ದರೆ ತಪ್ಪು ತಿಳಿಯಲು ಜಾಗವೇ ಇರುವುದಿಲ್ಲ. ‘ಸಹಕರಿಸಿದ ಎಲ್ಲ ಮಹನೀಯರಿಗೆ’ ಎಂಬಂಥ ಮಸುಕು ಮಾತಿನಲ್ಲೇ ದುರುಪಯೋಗಕ್ಕೆ ಅವಕಾಶ ಹೆಚ್ಚು.

ಇನ್ನು ನನ್ನದೇ ಕರಡಿನ ತಪ್ಪು. ನಾನು ಬರೆದಿದ್ದ ವಾಕ್ಯ ಹೀಗೆ ಶುರುವಾಗುತ್ತಿತ್ತು: ‘ನಮ್ಮ ನಡುವೆ ಅಭಿಪ್ರಾಯಭೇದಗಳಿದ್ದರೂ...’ ಬರೆದಾಗ ಅದು ಉದಾರವಾಗಿ ಕಂಡಿತ್ತು. ಮತ್ತೆ ಮತ್ತೆ ಓದಿದಾಗ ಆ ‘ಇದ್ದರೂ’ ಮುಳ್ಳಿನಂತೆ ಚುಚ್ಚತೊಡಗಿತು. ಭೇದ ಅಡ್ಡಿಯಾಗಿತ್ತು, ಅದನ್ನು ದಾಟಿ ಅವರು ಬಂದರು ಎಂದು ಅದು ಹೇಳುತ್ತದೆ. ನಿಜವಾಗಿ ನಡೆದದ್ದು ಹಾಗಲ್ಲ. ಭೇದ ಇದ್ದುದರಿಂದಲೇ ಅವರು ನನ್ನ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ನೋಡಿದ್ದು. ಒಪ್ಪಿದ ಕಣ್ಣಿಗೆ ತಪ್ಪು ಕಾಣುವುದು ಕಷ್ಟ. ನಮ್ಮ ಸಭೆಯ ಚಪ್ಪಾಳೆಯನ್ನು ಆಗಲೇ ಹೇಳಿದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಚೆಂದದ ನಿದರ್ಶನ ಅಂಬೇಡ್ಕರರ ಪುಸ್ತಕವೊಂದರ ಮೊದಲ ಪುಟಗಳಲ್ಲಿದೆ. 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ ಅದು. ಅಂಬೇಡ್ಕರರಿಗೆ ಆಗ ಮೂವತ್ತೆರಡು. ಅವರ ಗುರು ಎಡ್ವಿನ್ ಕ್ಯಾನನ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಹಿರಿಯ ಪ್ರಾಧ್ಯಾಪಕರು, ಆಡಂ ಸ್ಮಿತ್ತನ ಮಹಾಗ್ರಂಥವನ್ನು ಸಂಪಾದಿಸಿದವರು. ರೂಪಾಯಿಯನ್ನು ಚಿನ್ನಕ್ಕೆ ನೇರವಾಗಿ ಕಟ್ಟದೆ, ವಿನಿಮಯದ ಮೂಲಕ ಸುತ್ತಿ ಕಟ್ಟುವ ಬ್ರಿಟಿಷ್ ಸರ್ಕಾರದ ಏರ್ಪಾಡನ್ನು ಅಂಬೇಡ್ಕರ್ ಬುಡಸಮೇತ ಕಿತ್ತೊಗೆಯಲು ಹೊರಟಿದ್ದರು. ಅರ್ಥಶಾಸ್ತ್ರಜ್ಞ ಕೇನ್ಸ್‌ನಂಥವನು ಅದನ್ನು ಹೊಗಳಿ 1913ರಲ್ಲೇ ಪುಸ್ತಕ ಬರೆದಿದ್ದ. ಕ್ಯಾನನ್ ಕೂಡ 1893ರಷ್ಟು ಹಿಂದೆಯೇ ಆ ಬಗೆಯ ಏರ್ಪಾಡು ನಡೆದೀತೆಂದು ನಂಬಿದ್ದ ಕೆಲವೇ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರು. ಶಿಷ್ಯ ಅದೇ ಗುರುವಿನಿಂದ ಮುನ್ನುಡಿ ಬರೆಸಿದರು. ಗುರು ಅದರಲ್ಲಿ ಏನು ಬರೆದರು? ಅಂಬೇಡ್ಕರರ ಟೀಕೆಯಲ್ಲಿ ಬಹುಪಾಲನ್ನು ತಾನು ಒಪ್ಪುವುದಿಲ್ಲ, ಆ ವ್ಯವಸ್ಥೆಯ ಮೇಲೆ ಅವರಿಗಿರುವ ಹಗೆ ತನಗಿಲ್ಲ ಎಂದು ನೇರವಾಗಿಯೇ ಬರೆದರು. ಜೊತೆಗೇ, ಕೆಲವು ಕಡೆ ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ, ತಪ್ಪೆಂದು ಕಂಡ ಕಡೆಯೂ ವಿಚಾರ ತಾಜಾ ಆಗಿದೆ ಎಂದರು. ಕೊನೆಗೆ, ಸುಲಭವಾಗಿ ಅರ್ಥವಾಗುವ ನೇರ ಚಿನ್ನದ ಪದ್ಧತಿಯನ್ನು ಕೆಡಿಸುವುದು ಕಷ್ಟವಾದ್ದರಿಂದ, ಕಾರ್ಯತಃ ಶಿಷ್ಯನ ತೀರ್ಮಾನವೇ ಸರಿಯಿರಬೇಕು ಎಂದೂ ಸೇರಿಸಿದರು.

ಅಂಬೇಡ್ಕರರ ಮಾತು ಅಷ್ಟೇ ನೆಟ್ಟಗಿದೆ. ಗುರುವಿನ ಋಣ ತೀರಿಸಲಾಗದ್ದು ಎಂದರು. ಪುಸ್ತಕದ ಅಭಿಪ್ರಾಯಗಳಿಗೆ ಗುರು ಹೊಣೆಯಲ್ಲ ಎಂದರು. ಅವರು ಕಟುವಾಗಿ ಪರೀಕ್ಷಿಸಿದ್ದರಿಂದಲೇ ಎಷ್ಟೋ ತಪ್ಪುಗಳಿಂದ ಪಾರಾದೆ ಎಂದರು. ಗಮನಿಸಿ, ಅವರು ಕೃತಜ್ಞತೆ ಹೇಳಿದ್ದು ಕರುಣೆಗಷ್ಟೇ ಅಲ್ಲ, ಆ ಕಟುತನಕ್ಕೂ. ಅಮೆರಿಕದಲ್ಲಿ ಓದಲು ಬರೋಡ ಮಹಾರಾಜರ ವಿದ್ಯಾರ್ಥಿವೇತನ, ನಿಂತುಹೋದ ಲಂಡನ್ನಿನ ಓದನ್ನು ಮುಂದುವರಿಸಲು ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಹೀಗೆ ಹಣದ ಋಣಗಳೂ ಅವರ ಮೇಲಿದ್ದವು. ಅದರ ನಡುವೆ, ತನ್ನ ವಾದವನ್ನು ಒಪ್ಪದವರೊಬ್ಬರ ಕಟ್ಟುನಿಟ್ಟನ್ನೇ ಉಪಕಾರವೆಂದು ಅವರು ಹೆಸರಿಸಿ ಬರೆದದ್ದು ನನಗೆ ದಾರಿ ತೋರಿಸಿತು.

ಇಲ್ಲೊಂದು ಎಲ್ಲೆಯನ್ನೂ ಹೇಳದಿದ್ದರೆ ತಪ್ಪಾದೀತು. ಅಂಬೇಡ್ಕರರ ಹೆಸರೆತ್ತಿದ ಮೇಲೆ ಅದನ್ನು ಮರೆಮಾಡುವಂತೆಯೇ ಇಲ್ಲ. ಗಾಂಧಿ ಮತ್ತು ಕಾಂಗ್ರೆಸ್ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿ 1945ರಲ್ಲಿ ಅವರೊಂದು ಉಗ್ರವಾದ ಪುಸ್ತಕ ಬರೆದರು. ಅಲ್ಲಿ ಗಾಂಧಿಯವರಿಗೊಂದು ನಮಸ್ಕಾರ ಯಾಕಿಲ್ಲ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ರೂಪಾಯಿಯ ಬೆಲೆಯನ್ನು ಕುರಿತ ಭೇದ ಬೇರೆ, ಮನುಷ್ಯರ ಬೆಲೆಯನ್ನು ಕುರಿತ ಭೇದ ಬೇರೆ. ಪೆಟ್ಟು ತಿಂದವರ ಹತ್ತಿರ ಹೋಗಿ ಸೌಜನ್ಯ ಕಲಿಸುವುದು ಇನ್ನೊಂದು ಪೆಟ್ಟು. ನನಗೂ ಎಂಜಿನಿಯರರಿಗೂ ಇರುವ ಜಗಳ ನೀರಿನದು, ಕಾಡಿನದು, ಲೆಕ್ಕದ್ದು. ನನ್ನನ್ನು ಅವರಾಗಲಿ, ಅವರನ್ನು ನಾನಾಗಲಿ ಕೀಳೆಂದು ಕಂಡಿಲ್ಲ. ಹಾಗಾಗಿ ಈ ಮಾತು ನನಗೆ ಸುಲಭ. ಘಟ್ಟದಲ್ಲಿ ಕಾಲುವೆಗೆ ತೋಟ ಕಳೆದುಕೊಂಡ ರೈತರೊಬ್ಬರು ಈ ಪುಟ ನೋಡಿ ಮುಖ ಗಂಟಿಕ್ಕಿಕೊಂಡರೆ ಅವರ ಜೊತೆ ನಾನು ವಾದಕ್ಕೆ ಇಳಿಯಲಾರೆ. ನನ್ನ ಮೇಲಿನ ಋಣ ನನ್ನದು. ಅದನ್ನು ಅವರ ತಲೆಗೆ ಕಟ್ಟುವ ಹಕ್ಕು ನನಗಿಲ್ಲ.

ಒಂದು ದಿನ ಯೋಚಿಸಿ, ‘ಇದ್ದರೂ’ ತೆಗೆದು ‘ಇದ್ದುದರಿಂದಲೇ’ ಎಂದು ಬದಲಾಯಿಸಿ, ಆ ವಾಕ್ಯವನ್ನು ಎಂಜಿನಿಯರರಿಗೇ ಕಳಿಸಿದೆ. ನಮ್ಮವರ ಅಂಜಿಕೆಯನ್ನೇ ನಾನು ಇಷ್ಟು ಹೊತ್ತು ತೂಗುತ್ತ ಕೂತಿದ್ದೆ. ಅವರಿಗೂ ‘ನಮ್ಮವರು’ ಇದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಾರನೆಯ ದಿನ ಫೋನ್ ಬಂತು.

“ಹೆಸರು ಹಾಕಿ, ನನ್ನ ಅಭ್ಯಂತರ ಇಲ್ಲ. ಆದರೆ ‘ಅಭಿಪ್ರಾಯಭೇದ’ ಅಂತ ಇಷ್ಟರಲ್ಲೇ ಮುಗಿಸಿದ್ದೀರಲ್ಲ, ಅದು ಸರಿ ಇಲ್ಲ. ಯಾವ ಭೇದ ಅಂತ ಬರೀರಿ. ಇಲ್ಲದಿದ್ರೆ ನಾನು ನಿಮ್ಮ ಕಡೆ ವಾಲಿದೆ ಅಂತ ನಮ್ಮ ಊರಿನವರು ತಿಳ್ಕೊಳ್ತಾರೆ. ಆ ನೀರಿಗೆ ಅವರು ಕಾಯ್ತಾ ಇದ್ದಾರೆ ಸ್ವಾಮಿ.”

“ಆಗಲಿ ಸರ್” ಎಂದೆ. ಎಷ್ಟು ತಪ್ಪು ತೋರಿಸಿದಿರಿ, ಲೆಕ್ಕ ಇದೆಯೇ ಎಂದು ಕೇಳಿದೆ. ಇತ್ತು. ಹಾಗೆ ಅಚ್ಚಾದ ಸಾಲುಗಳು ಇವು:

‘ಎತ್ತಿನಹೊಳೆ ಯೋಜನೆ ಬಯಲುಸೀಮೆಗೆ ಬೇಕೇಬೇಕು ಎಂದು ನಂಬಿರುವ ಇವರು, ಅದು ಕೂಡದೆಂದು ವಾದಿಸುವ ಈ ಪುಸ್ತಕದ ಐದನೆಯ ಅಧ್ಯಾಯವನ್ನು ಸಾಲುಸಾಲಾಗಿ ಪರೀಕ್ಷಿಸಿ ಏಳು ತಪ್ಪುಗಳನ್ನು ತೋರಿಸಿಕೊಟ್ಟರು. ಏಳನ್ನೂ ತಿದ್ದಿದ್ದೇನೆ. ಪುಸ್ತಕದ ತೀರ್ಮಾನಕ್ಕೆ ಅವರ ಒಪ್ಪಿಗೆಯಿಲ್ಲ. ಅವರಿಂದ ನನಗೆ ದೊಡ್ಡ ಉಪಕಾರವಾಗಿದೆ.’